ಬೀಗರ ಊರು

ಕಾವಲಿನ ಲ್ಯಾಬಿಗೆ ಬಂದ ಪತ್ರದಲ್ಲಿ
ನನ್ನ ಹೆಸರಿನ ಪಕ್ಕ ಪೆರು ಎಂದಿತ್ತು.
ಆರು ವಾರದ ತರಬೇತಿ, ಲಿಮಾ ನಗರ.
ಹದಿನೇಳು ವರ್ಷ ಗಾಜಿನ ಬಟ್ಟಲಲ್ಲಿ
ಅಂಗಮಾರಿ ಸಾಕಿ, ಎಣಿಸಿ, ಬರೆದಿಟ್ಟವಳು ನಾನು.
ಆಲೂಗಡ್ಡೆಯ ಕಾಯಿಲೆಯೆಲ್ಲ ಗೊತ್ತು.
ಅದರ ತವರು ಯಾವ ದಿಕ್ಕಿಗೆ ಅಂತ
ಒಂದು ದಿನವೂ ಕೇಳಿರಲಿಲ್ಲ.

ಲೈಬ್ರರಿಯ ಜಕಿಯಾ ಬಾನು, ಮಾತು ಕಮ್ಮಿ,
ಧೂಳು ಕೊಡವಿ ಅಟ್ಲಾಸು ಮುಂದಿಟ್ಟರು.
ಹಾಸನ: ಉತ್ತರ ಹದಿಮೂರು, ಪೂರ್ವ ಎಪ್ಪತ್ತಾರು.
ಲಿಮಾ: ದಕ್ಷಿಣ ಹನ್ನೆರಡು, ಪಶ್ಚಿಮ ಎಪ್ಪತ್ತೇಳು.
ಎರಡು ಸಲ ಬೆರಳಿಟ್ಟು ನೋಡಿದೆ.
ಮನೆ ನಂಬರು ಹೆಚ್ಚುಕಮ್ಮಿ ಒಂದೇ,
ಬೀದಿ ಮಾತ್ರ ಬೇರೆ.
ಯಾವ ಕಾಲಕ್ಕೋ ಪೋಸ್ಟ್‌ಮ್ಯಾನು
ನಮ್ಮ ಕಾಗದ ಅವರಿಗೆ ಹಾಕಿರಬಹುದು.

'ಎಷ್ಟು ದೂರವೇ?' ಅಂದರು ಅತ್ತೆ ರಾತ್ರಿ.
ಕಟ್ಟಿನಕೆರೆ ಮಾರ್ಕೆಟ್ಟಿನ ಚೀಲದಿಂದ
ಗುಂಡನೆಯ ಗಡ್ಡೆ ತೆಗೆದು, ಇದು ಭೂಮಿ, ಇಲ್ಲಿ ಹಾಸನ ಅಂತ
ಗೋಣಿ ಹೊಲಿಯುವ ದಬ್ಬಳ ಚುಚ್ಚಿ ದೂಡಿದೆ.
ಆ ಕಡೆ ಮೊನೆ ಹೊರಬಂತು.
'ಅದೇನಾ ಊರು?'
'ಅಲ್ಲ, ಅದು ಸಮುದ್ರ. ಊರು ಸ್ವಲ್ಪ ಪಕ್ಕಕ್ಕೆ.'
'ವಾರೆ ಚುಚ್ಚೇ ಮತ್ತೆ,
ನೀರಿಗೆ ಬಿದ್ದೀಯ.'
ಭೂಮಿ ಆಮೇಲೆ ಹುಳಿಗೆ ಬಿತ್ತು.

ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಅವರ ಮಾತು ಕಲಿತೆ.
ಓಲಾ ಅಂದರೆ ಆಟೋ ಅಲ್ಲ, ನಮಸ್ಕಾರ.
ಪಾಪ ಅಂದರೆ ಆಲೂಗಡ್ಡೆ.
ಎರಡು ಕಿಲೋ ಪಾಪ. ಬೇಯಿಸಿದ ಪಾಪ. ಒಣಗಿಸಿದ ಪಾಪ.
ಬಾಯಿಪಾಠದ ಭರದಲ್ಲಿ
'ಪಾಪ ತೊಳೀಬೇಕು' ಅಂತ ಗಟ್ಟಿಯಾಗಿ ಅಂದುಬಿಟ್ಟೆ;
ಪಕ್ಕದ ಸೀಟಿನ ಹೆಂಗಸು ಸರಿದು ಜಾಗ ಕೊಟ್ಟು
'ಧರ್ಮಸ್ಥಳಕ್ಕಾ?' ಅಂತ ಕೇಳಿದಳು.

ಲಿಮಾದಲ್ಲಿ ಮಳೆಯೇ ಇಲ್ಲವಂತೆ,
ತಿಂಗಳುಗಟ್ಟಲೆ ಮಂಜೇ ತೊಟ್ಟಿಕ್ಕುತ್ತದಂತೆ.
ನಮ್ಮ ಮುಂಗಾರಿಗೆ ಅವರ ಚಳಿಯಂತೆ.
ಬೆಟ್ಟದವರು ಗಡ್ಡೆಯನ್ನು ಇರುಳ ಹಿಮಕ್ಕೆ ಹರವಿ
ಬರಿಗಾಲಲ್ಲಿ ತುಳಿದು ಒಣಗಿಸಿದರೆ
ಮೊಮ್ಮಕ್ಕಳ ತನಕ ಕೆಡುವುದಿಲ್ಲವಂತೆ.
ಇನ್ನೂ ಕಾಲಿಡದ ದೇಶ
ಅಂತೆಕಂತೆಗಳ ಸಂತೆ.
ಕೊಂಡದ್ದೆಲ್ಲ ಚೀಲಕ್ಕೆ ತುಂಬಿದೆ,
ತೂಕವೇ ಇರಲಿಲ್ಲ.

ಆಮೇಲೆ ಒಂದು ಹೆಸರು ಸಿಕ್ಕಿತು.
ಸಾವಿರಾರು ತಳಿಯಲ್ಲಿ ಒಂದು ತಳಿ,
ಮೈತುಂಬ ಗಂಟು, ಗಂಟಿನ ಸಂದಿಯಲ್ಲಿ ಸಿಪ್ಪೆ.
ಹೊಸ ಸೊಸೆಯ ಕೈಗೆ ಅತ್ತೆ ಅದನ್ನೇ ಕೊಡುತ್ತಾಳಂತೆ,
ತಿರುಳು ಪೋಲಾಗದಂತೆ ಸುಲಿ ಅಂತ.
ಅದರ ಹೆಸರೇ ಅದು: ಸೊಸೆಯನ್ನು ಅಳಿಸುವ ಗಡ್ಡೆ.

ಅತ್ತೆ ಈಳಿಗೆಮಣೆ ಮಡಿಸಿದರು.
'ನಮ್ಮತ್ತೆ ನಂಗೆ ಅರ್ಧ ಸೇರು ಹುರುಳಿ ಕೊಟ್ಟಿದ್ಲು,
ಕಲ್ಲು ಆರಿಸು ಅಂತ.
ಕೊಟ್ಟು, ದೀಪ ಆರಿಸಿದ್ಲು.'
ಹೊರಗೆ ಆಡುವಳ್ಳಿ ರಸ್ತೆಯಲ್ಲಿ ಒಂದು ಲಾರಿ
ಗೇರು ಬದಲಿಸಿ ಹೋಯಿತು.
'ಹಂಗಾರೆ ಅದೇನು ದೂರದ ಊರಲ್ಲ ಬಿಡು.
ಬೀಗರ ಊರು.
ನಾನೂರು ವರ್ಷ ಅವರ ಮಗಳ ಕೈಲಿ ದುಡಿಸಿಕೊಂಡು
ಈಗ ಹೋಗ್ತಿದೀರ ನೋಡೋಕೆ!
ಬರಿಗೈಲಿ ಹೋಗಬೇಡ.'

ಬರಿಗೈಲೇ ಹೋಗಬೇಕು.
ಬೀಜ ಇಲ್ಲ, ಎಲೆ ಇಲ್ಲ, ಮಣ್ಣಂತೂ ಇಲ್ಲವೇ ಇಲ್ಲ;
ಯಾರೇ ಕೇಳಿದ್ದರೂ ನಾನೂ ಇದನ್ನೇ ಹೇಳುತ್ತಿದ್ದೆ.
'ಬರುವಾಗ ಆ ಗಡ್ಡೆ ಒಂದು ತಾ.'
'ತರೋ ಹಾಗಿಲ್ಲ ಅತ್ತೆ.'
'ಹೋಗಲಿ, ಎಷ್ಟು ಕಣ್ಣಿವೆ
ಎಣಿಸಿಕೊಂಡಾದ್ರೂ ಬಾ.'

ಹೊರಡುವ ಹಿಂದಿನ ದಿನ ಬಚ್ಚಲಲ್ಲಿ ಕೂತು
ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ
ಚಪ್ಪಲಿಯ ಗೀರುಗಳ ಕೆಮ್ಮಣ್ಣು ಕೆರೆದೆ.
ಒಂದು ಚಮಚದಷ್ಟು ಇತ್ತು.
ಚೆಲ್ಲಲು ಮನಸ್ಸಾಗದೆ
ಕರಿಬೇವಿನ ಕುಂಡಕ್ಕೆ ಹಾಕಿ
ಕೈ ತೊಳೆದುಕೊಂಡೆ, ಸೋಪು ಹಚ್ಚಿ, ಎರಡು ಸಲ.